ಉಜ್ಜಿದಷ್ಟೂ ಸವೆಯುವ ಬೆಳ್ಳಿ

ಬೆಳ್ಳಿ ಮುಲಾಮಿನ, ಎಂದರೆ ಬೆಳ್ಳಿ ಲೇಪಿಸಿದ, ಸಾಮಾನು ಮಂಕಾಗುವುದು ಎರಡು ಬಗೆಯಲ್ಲಿ. ಒಂದು, ಕಪ್ಪಾಗುವುದು, ಇನ್ನೊಂದು, ಸವೆಯುವುದು. ಎರಡಕ್ಕೂ ಒಂದೇ ಮದ್ದೆಂದು ಹಬ್ಬಹಬ್ಬಕ್ಕೂ ತಿಕ್ಕಿ ಬೆಳಗುವುದರಿಂದಲೇ ಮುಂಬಯಿಯ ಎಷ್ಟೋ ಮನೆಗಳ ಪನ್ನೀರುದಾನಿ, ಕುಂಕುಮದ ಬಟ್ಟಲುಗಳು ಅಕಾಲದಲ್ಲಿ ಹಿತ್ತಾಳೆಯ ಬಣ್ಣಕ್ಕೆ ತಿರುಗುತ್ತವೆ. ಕಪ್ಪಿಗೆ ಕಾರಣ ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡ್. ಮೀಠಿ ನದಿಯ ಕೊಳಚೆಯಿಂದ ಏಳುವ ಕೊಳೆತ ಮೊಟ್ಟೆಯ ನಾತ ಇದರದೇ. ಈ ಅನಿಲ ಬೆಳ್ಳಿಯೊಡನೆ ಕೂಡಿ ಕಪ್ಪು ಪೊರೆ ಕಟ್ಟುತ್ತದೆ; ಮಳೆಗಾಲದ ತೇವ ಅದಕ್ಕೆ ಇನ್ನಷ್ಟು ಒತ್ತಾಸೆ. ಪೊರೆಯ ಕೆಳಗೆ ಬೆಳ್ಳಿ ಇನ್ನೂ ಉಳಿದಿರುತ್ತದೆ. ಆದರೆ ಅಂಚು, ಹಿಡಿ, ಉಬ್ಬು ಚಿತ್ತಾರಗಳಲ್ಲಿ ಹಳದಿಯೋ ಕೆಂಪೋ ಇಣುಕಿದರೆ ಅಲ್ಲಿ ಬೆಳ್ಳಿಯೇ ಹೋಗಿದೆ ಎಂದರ್ಥ. ಮನೆಯಲ್ಲಿ ಸರಿಪಡಿಸಬಹುದಾದದ್ದು ಮೊದಲನೆಯದು ಮಾತ್ರ.

ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಸಂಸ್ಥೆ 1840ರಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಲೇಪನ ಕ್ರಮದಿಂದ ಅಗ್ಗದ ಲೋಹಕ್ಕೂ ಬೆಳ್ಳಿಯ ಮೈ ಬಂತು. ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಸಿಗುವ ಹಳೆಯ ಚಮಚ, ಟ್ರೇಗಳ ಬೆನ್ನಲ್ಲಿರುವ ‘ಇ.ಪಿ.ಎನ್.ಎಸ್.’ ಮುದ್ರೆ, ತಾಮ್ರ, ನಿಕಲ್, ಸತುಗಳ ಮಿಶ್ರಲೋಹಕ್ಕೆ ಬೆಳ್ಳಿ ಲೇಪಿಸಿದ್ದನ್ನು ಹೇಳುತ್ತದೆ. ಒಳ್ಳೆಯ ಚಮಚದ ಲೇಪನವೂ 20–30 ಮೈಕ್ರಾನ್ ಅಷ್ಟೇ, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಅಲಂಕಾರದ ವಸ್ತುಗಳಲ್ಲಿ ಅದಕ್ಕಿಂತಲೂ ತೆಳು. ಟೂತ್‌ಪೇಸ್ಟ್, ಹಿತ್ತಾಳೆ-ತಾಮ್ರಕ್ಕೆಂದು ಮಾಡಿದ ಪೀತಾಂಬರಿಯಂಥ ಪುಡಿ ಇದನ್ನು ಪ್ರತಿ ಸಲವೂ ತುಸು ಕೆರೆದೇ ಕೆರೆಯುತ್ತವೆ. ಅಜ್ಜಿಯರು ಬೂದಿ ಹಾಕಿ ತಿಕ್ಕಿದರೂ ಏನೂ ಆಗಲಿಲ್ಲವಲ್ಲ ಎನ್ನಬಹುದು. ಅವರು ತಿಕ್ಕಿದ್ದು ಹೆಚ್ಚಾಗಿ ಗಟ್ಟಿ ಬೆಳ್ಳಿ. ಅಲ್ಲಿ ಸವೆದರೂ ಕೆಳಗೆ ಸಿಗುವುದು ಬೆಳ್ಳಿಯೇ. ಮುಲಾಮಿಗಾದರೆ ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿನೀರು, ಅಡುಗೆ ಸೋಡಾ ಹಾಕಿ ಸಾಮಾನನ್ನು ಹಾಳೆಗೆ ತಾಗುವಂತೆ ಕೆಲವು ನಿಮಿಷ ಮುಳುಗಿಸುವುದು ವಾಸಿ. ಗಂಧಕ ಅಲ್ಯೂಮಿನಿಯಂ ಕಡೆಗೆ ಸರಿದು, ಕಪ್ಪಿನಲ್ಲಿದ್ದ ಬೆಳ್ಳಿ ಬಹುಪಾಲು ಮತ್ತೆ ಬೆಳ್ಳಿಯಾಗುತ್ತದೆ. ಮರದ ಹಿಡಿಯ, ಕಲ್ಲು ಅಂಟಿಸಿದ, ಬೇಕೆಂದೇ ಕಪ್ಪು ಉಳಿಸಿದ ಚಿತ್ತಾರದ ವಸ್ತುಗಳಿಗೆ ಇದು ಬೇಡ.

ಸವೆದ ಜಾಗಕ್ಕೆ ಹಚ್ಚಿದರೆ ಸಾಕು ಎನ್ನುವ ಬಾಟಲಿ ದ್ರವಗಳಿವೆಯಲ್ಲ ಎಂಬುದು ಮುಂದಿನ ಪ್ರಶ್ನೆ. ಅವು ಬೆಳ್ಳಿ ಕೂರಿಸುವುದೇನೋ ನಿಜ. ಆದರೆ ಕರೆಂಟಿಲ್ಲದೆ ನಡೆಯುವ ಈ ಕ್ರಿಯೆಯಲ್ಲಿ ಕೆಳಗಿನ ತಾಮ್ರ ಕರಗಿ ಆ ಜಾಗಕ್ಕೆ ಬೆಳ್ಳಿ ಬರಬೇಕು. ತಾಮ್ರ ಮುಚ್ಚಿದೊಡನೆ ಕ್ರಿಯೆ ನಿಂತುಬಿಡುತ್ತದೆ. ಹಾಗಾಗಿ ಆ ಪದರ ಅತಿ ತೆಳು, ನಾಲ್ಕು ಸಲ ಒರೆಸುವಷ್ಟರಲ್ಲಿ ಮಾಯ. ಗೋಡೆಯ ಪ್ರದರ್ಶನದ ವಸ್ತುವಿಗೆ ಅದು ಸಾಕು, ದಿನಬಳಕೆಗಲ್ಲ. ದಪ್ಪ ಲೇಪನಕ್ಕೆ ಕರೆಂಟು ಬೇಕು, ರೂಢಿಯಲ್ಲಿರುವ ದ್ರಾವಣದಲ್ಲಿ ಸಯನೈಡ್ ಇರುತ್ತದೆ. ಅದು ಅಡುಗೆಮನೆಯ ಕೆಲಸವಲ್ಲ, ಮುಲಾಮಿನ ಕಸುಬು ಬಲ್ಲವರದು. ಖರ್ಚು ದಂಡವಲ್ಲವೇ ಎಂದರೆ, ಎಲ್ಲಕ್ಕೂ ಮುಲಾಮು ಹಾಕಿಸಬೇಕಿಲ್ಲ. ಬಾಯಿಗಿಡುವ ಚಮಚ, ಹುಳಿ ಬಡಿಸುವ ಬಟ್ಟಲಿನಲ್ಲಿ ತಾಮ್ರ ಕಂಡರೆ ಹಾಕಿಸಿ, ಇಲ್ಲವೇ ಬಳಕೆ ನಿಲ್ಲಿಸಿ. ಮಿಕ್ಕವು ಸವೆದಂತೆಯೇ ಇರಲಿ. ‘ಜರ್ಮನ್ ಸಿಲ್ವರ್’ ಎಂದು ಉಡುಗೊರೆಯಾಗಿ ಬಂದ ತಟ್ಟೆಯ ಲೋಹದಲ್ಲಂತೂ ಬೆಳ್ಳಿಯೇ ಇರುವುದಿಲ್ಲ; ಮೇಲೆ ಲೇಪನವಿದೆಯೇ ಎಂದು ಮೊದಲು ಕೇಳಿಕೊಳ್ಳಿ.

ಬೆಳಗುವುದಕ್ಕಿಂತ ಎತ್ತಿಡುವುದರಲ್ಲೇ ಜಾಣತನವಿದೆ. ಬಳಸಿದ ಮೇಲೆ ತೊಳೆದು, ಒಣಬಟ್ಟೆಯಿಂದ ಒರೆಸಿ, ಶುಭ್ರ ಹತ್ತಿ ಬಟ್ಟೆಯಲ್ಲಿ ಸುತ್ತಿ ಗಾಳಿಯಾಡದ ಚೀಲದಲ್ಲಿಡಿ. ಗಂಧಕ ಬಿಡುವ ರಬ್ಬರ್ ಬ್ಯಾಂಡನ್ನೂ ಉಣ್ಣೆಯನ್ನೂ ಹತ್ತಿರ ಸೇರಿಸಬೇಡಿ.