ಹಕ್ಕಲಾಯುವವರ ಮುಂದೆ ಅರೆಗಳಿಗೆ

ಯಶವಂತಪುರದ ರೈಲು ನಿಲ್ದಾಣದಲ್ಲಿ ಗಾಡಿಗಾಗಿ ಕಾದು ಬೇಸತ್ತವರಿಗೆ, ಇಂಥದೇ ಒಂದು ನಿಲ್ದಾಣವು ಜಗದ್ವಿಖ್ಯಾತ ಚಿತ್ರಶಾಲೆಯಾಗಿ ಪರಿಣಮಿಸಿದೆಯೆಂದರೆ ನಗು ಬಂದೀತು. ಆದರೆ ಪ್ಯಾರಿಸ್ಸಿನ ಸೇನ್ ನದಿಯ ಎಡದಂಡೆಯಲ್ಲಿರುವ ಒರ್ಸೇ ಸಂಗ್ರಹಾಲಯವು 1900ರ ಜಾಗತಿಕ ಪ್ರದರ್ಶನಕ್ಕೆಂದು ಕಟ್ಟಿದ ರೈಲು ನಿಲ್ದಾಣವೇ ಆಗಿದ್ದು, 1986ರಲ್ಲಿ ಕಲೆಯ ಆಲಯವಾಗಿ ಬಾಗಿಲು ತೆರೆಯಿತು. ಅಲ್ಲಿಯ ಬೃಹತ್ ಗಡಿಯಾರಗಳು ಇಂದಿಗೂ ಉಳಿದಿವೆ, ಅವಸರವೊಂದೇ ಇಲ್ಲ.

ಮಕ್ಕಳು ಮೊಮ್ಮಕ್ಕಳನ್ನು ಕಾಣಲು ದೇವನಹಳ್ಳಿಯಿಂದ ವಿಮಾನವೇರುವ ಹೆಬ್ಬಾಳ, ಯಲಹಂಕಗಳ ಹಿರಿಯರು ಪ್ಯಾರಿಸ್ಸಿಗೆ ಬಂದರೆ ಸಾಮಾನ್ಯವಾಗಿ ಮೊದಲು ಲೂವ್ರ್ ಅರಮನೆಗೆ ನುಗ್ಗಿ, ಇಟಲಿಯವನು ಬರೆದ ಮೋನಾ ಲಿಸಾಳನ್ನು ಜನಜಂಗುಳಿಯ ತಲೆಗಳ ನಡುವಿನಿಂದ ಕಂಡು, ಫ್ರೆಂಚ್ ಕಲೆಯನ್ನು ನೋಡಿದೆವೆಂದು ತೃಪ್ತರಾಗುತ್ತಾರೆ. ಅಲ್ಲಿ ನೋಡತಕ್ಕದ್ದು ಫ್ರೆಂಚ್ ಚಿತ್ರಕಾರ ದೆಲಾಕ್ರ್ವಾ 1830ರ ಕ್ರಾಂತಿಯನ್ನು ಕುರಿತು ಬರೆದ, ಧ್ವಜವನ್ನೆತ್ತಿ ಹೆಣಗಳ ಮೇಲೆ ನಡೆದುಬರುವ ಸ್ವಾತಂತ್ರ್ಯದೇವಿ. ಮಂಗಳವಾರ ಲೂವ್ರ್‌ಗೂ ಸೋಮವಾರ ಒರ್ಸೇಗೂ ರಜೆಯೆಂಬುದು ನೆನಪಿರಲಿ.

ಆದರೆ ನಮ್ಮವರು ನಿಂತು ನೋಡಬೇಕಾದ ಚಿತ್ರ, ನನ್ನ ಮಟ್ಟಿಗೆ, ಒರ್ಸೇಯಲ್ಲಿರುವ, ಫ್ರೆಂಚ್ ಚಿತ್ರಕಾರ ಮಿಲೇಯದು. 1857ರ ಆ ಕೃತಿಯಲ್ಲಿ ಮೂವರು ಹೆಂಗಸರು ಕೊಯ್ಲಾದ ಗೋದಿಯ ಹೊಲದಲ್ಲಿ ಬಿದ್ದುಳಿದ ತೆನೆಗಳನ್ನು ಆಯುತ್ತಿದ್ದಾರೆ. ಇಬ್ಬರ ಬೆನ್ನು ಪೂರಾ ಬಾಗಿದೆ, ಮೂರನೆಯವಳದು ಅರ್ಧ. ದೂರದಲ್ಲಿ ಬಂಗಾರದಂತೆ ಹೊಳೆಯುವ ಬಣವೆಗಳು, ತುಂಬಿದ ಗಾಡಿ, ಕುದುರೆಯೇರಿದ ಮೇಲ್ವಿಚಾರಕ. ಹತ್ತಿರದ ಬಡತನ, ದೂರದ ಸಮೃದ್ಧಿ, ಇವೆರಡರ ನಡುವಣ ಬಯಲನ್ನು ಚಿತ್ರಕಾರನು ಒಂದು ಮಾತಿನ ದೂರೂ ಇಲ್ಲದೆ ತೋರಿಸಿದ್ದಾನೆ. ಆದರೂ ಅಂದಿನ ಪ್ಯಾರಿಸ್ಸಿನ ಸಿರಿವಂತರು ಅದರಲ್ಲಿ ದಂಗೆಯ ವಾಸನೆಯನ್ನು ಕಂಡು ಹುಬ್ಬು ಗಂಟಿಕ್ಕಿದರು. ಈ ಕಾಯಕಕ್ಕೆ ನಮ್ಮಲ್ಲಿ ಹೆಸರೇ ಇದೆ: ಹಕ್ಕಲಾಯುವುದು. ಯಲಹಂಕದ ಸುತ್ತ ರಾಗಿಯ ಹೊಲಗಳಿದ್ದ ಕಾಲವನ್ನು ಬಲ್ಲವರಿಗೆ ಗೋಡೆಯ ಮೇಲಿನ ವಿವರಣೆಯ ಹಂಗಿಲ್ಲ.

ಅದೇ ಕಟ್ಟಡದಲ್ಲಿ ಫ್ರೆಂಚ್ ಚಿತ್ರಕಾರ ಗೋಗೆಯ 1891ರ ‘ತಹೀತಿಯ ಹೆಂಗಸರು’ ಎಂಬ ಚಿತ್ರವೂ ಇದೆ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿ, ತರುವಾಯ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯಾನ್‌ನಲ್ಲಿ ಅಭ್ಯಾಸ ಮಾಡಿದ ಕೆ.ಕೆ. ಹೆಬ್ಬಾರರ ಆರಂಭದ ಚಿತ್ರಗಳಲ್ಲಿ ಈ ಗೋಗೆಯ ವರ್ಣಪ್ರಭಾವವನ್ನು ವಿಮರ್ಶಕರು ಗುರುತಿಸಿದ್ದಾರೆ. ಅದಕ್ಕೆ ಆಶ್ಚರ್ಯಪಡಬೇಕಾದುದಿಲ್ಲ: ಗೋಗೆಯ ಚಿತ್ರದಲ್ಲಿ ಮರಳಿನ ಮೇಲೆ ಕುಳಿತ ಇಬ್ಬರಲ್ಲಿ ಗುಲಾಬಿ ಉಡುಪಿನವಳು ಗರಿಯ ಎಳೆಗಳನ್ನು ಕೈಯಲ್ಲಿ ಹಿಡಿದು ಮೌನವಾಗಿರುವ ರೀತಿ, ಕಡಲಕರೆಯ ಮನೆಯಂಗಳದಲ್ಲಿ ಮಡಲು ಹೆಣೆಯುತ್ತ ಯಾವುದೋ ಯೋಚನೆಯಲ್ಲಿ ಕೈ ನಿಲ್ಲಿಸಿದ ಹೆಂಗಸಿನದೇ.