ಡಬ್ಬಿ ಚಿಕ್ಕದಾದ ಬಗೆ

1940ರ ಆಗಸ್ಟ್ ಕೊನೆ. ಲಂಡನ್ನಿನಲ್ಲಿ ಟ್ಯಾಕ್ಸಿ ಹತ್ತಿದ ವೇಲ್ಸ್‌ನ ಯುವ ಭೌತವಿಜ್ಞಾನಿ ಎಡ್ವರ್ಡ್ ಬೋವೆನ್ ಬಳಿ ಒಂದು ಕಪ್ಪು ಲೋಹದ ಪೆಟ್ಟಿಗೆಯಿತ್ತು. ಅದನ್ನು ಒಳಗಿಡಲು ಚಾಲಕ ಒಪ್ಪಲಿಲ್ಲ. ಹೀಗಾಗಿ ಬ್ರಿಟನ್ನಿನ ಅತಿ ಗುಟ್ಟಿನ ವಸ್ತು ಟ್ಯಾಕ್ಸಿಯ ಚಾವಣಿ ಮೇಲೆ ಕೂತು ಯೂಸ್ಟನ್ ರೈಲು ನಿಲ್ದಾಣ ತಲುಪಿತು. ಒಳಗಿದ್ದದ್ದು ಕ್ಯಾವಿಟಿ ಮ್ಯಾಗ್ನೆಟ್ರಾನ್. ಹತ್ತು ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಯನ್ನು ಕಿಲೋವ್ಯಾಟ್ ಲೆಕ್ಕದಲ್ಲಿ ಉಗುಳುವ ಸಾಧನ.

ಹಡಗೇರಿ ಅದು ಅಮೆರಿಕ ಮುಟ್ಟಿತು. ಅದನ್ನು ಬಳಸಿ ಯುದ್ಧಕ್ಕೆ ರಾಡಾರ್ ಕಟ್ಟಲು ಕೆಲವೇ ವಾರಗಳಲ್ಲಿ ಎಂಐಟಿಯಲ್ಲಿ ರೇಡಿಯೇಶನ್ ಲ್ಯಾಬೊರೇಟರಿ ತೆರೆಯಿತು. ಹೊಸ ರಾಡಾರ್‌ಗಳ ಜತೆ ಹೊಸ ತಲೆನೋವೂ ಬಂತು: ಬೇಕಾದ ಅಲೆಯನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುವುದು ಹೇಗೆ? ಸಾಮಾನ್ಯ ರೇಡಿಯೋದ ಸುರುಳಿ, ಕೆಪಾಸಿಟರುಗಳು ಇಲ್ಲಿ ಕೈಕೊಟ್ಟವು. ಇಷ್ಟು ಗಿಡ್ಡ ಅಲೆಗೆ ತುಂಡು ತಂತಿಯೇ ಆಂಟೆನಾ ಆಗಿಬಿಡುತ್ತದೆ. ಉಳಿದದ್ದು ಟೊಳ್ಳು ಕೊಳವೆಯ ದಾರಿ, ಅಂದರೆ ವೇವ್‌ಗೈಡ್. ರಾಬರ್ಟ್ ಫ್ಯಾನೊ ಮತ್ತು ಆಂಡ್ರೂ ಲಾಸನ್ ಅದರೊಳಗೇ ಫಿಲ್ಟರ್ ಕಟ್ಟುವ ಲೆಕ್ಕವನ್ನು ರೂಪಿಸಿದರು. ಯುದ್ಧ ಮುಗಿದ ಮೇಲೆ, 1948ರಲ್ಲಿ, ಅದು ಪುಸ್ತಕವೊಂದರ ಅಧ್ಯಾಯಗಳಾಗಿ ಹೊರಬಂತು.

ಫಿಲ್ಟರ್ ಅಂದರೆ ಜರಡಿ ಎಂದುಕೊಳ್ಳುವವರೇ ಹೆಚ್ಚು. ಇದು ಹಾಗಲ್ಲ. ಬೇಡದ್ದನ್ನು ಹಿಡಿದಿಡುವುದಿಲ್ಲ, ಬಂದ ದಾರಿಯಲ್ಲೇ ವಾಪಸ್ ಅಟ್ಟುತ್ತದೆ.

ಕೊಳವೆಯ ಒಳಗೆ ಅಲ್ಲಲ್ಲಿ ಅಡ್ಡಗೋಡೆ, ಗೋಡೆಯಲ್ಲಿ ಕಿಂಡಿ. ಎರಡು ಗೋಡೆಗಳ ನಡುವಿನ ಕೋಣೆಯೇ ಕ್ಯಾವಿಟಿ. ಕೋಣೆಯ ಉದ್ದ ಅಲೆಯ ಅರ್ಧದಷ್ಟಿದ್ದರೆ ಅಲೆ ಅಲ್ಲಿ ಅನುರಣಿಸಿ ಮುಂದಿನ ಕೋಣೆಗೆ ದಾಟುತ್ತದೆ. ಕಿಂಡಿ ದೊಡ್ಡದಾದಷ್ಟೂ ದಾಟುವ ಆವರ್ತನಗಳ ಪಟ್ಟಿ ಅಗಲ, ಕೋಣೆ ಹೆಚ್ಚಿದಷ್ಟೂ ಪಟ್ಟಿಯ ಅಂಚು ಕಡಿದು. ಎಕ್ಸ್-ಬ್ಯಾಂಡಿನ ಸಾಮಾನ್ಯ ಕೊಳವೆಯ ಒಳ ಅಗಲ 22.86 ಮಿಲಿಮೀಟರ್. ಬಯಲಲ್ಲಿ 30 ಮಿಲಿಮೀಟರ್ ಉದ್ದವಿರುವ 10 ಗಿಗಾಹರ್ಟ್ಸ್ ಅಲೆ ಅದರೊಳಗೆ ಸುಮಾರು 40 ಮಿಲಿಮೀಟರಿಗೆ ಹಿಗ್ಗುತ್ತದೆ. ಒಂದು ಕೋಣೆಗೆ 20 ಮಿಲಿಮೀಟರ್ ಹಿಡಿದರೆ ಐದು ಕೋಣೆಗೆ ಗೇಣಿನ ಅರ್ಧ. 4 ಗಿಗಾಹರ್ಟ್ಸ್‌ಗೆ ಇಳಿದರೆ ಕೋಣೆಯೊಂದೇ ಐದು ಸೆಂಟಿಮೀಟರ್! ಅಳತೆ ನಿರ್ಧರಿಸುವುದು ಅಲೆ. ಎಂಜಿನಿಯರ್ ಅದರೊಡನೆ ಚೌಕಾಸಿ ಮಾಡಬಹುದು ಅಷ್ಟೆ.

ಲೆಕ್ಕವನ್ನು ಕಾರ್ಖಾನೆಗೆ ಒಗ್ಗುವಂತೆ ಮಾಡಿದವರು ಸೀಮೋರ್ ಕೋನ್. 1957ರ ಅವರ ಪ್ರಬಂಧ ಇವತ್ತಿಗೂ ಈ ವಿನ್ಯಾಸದ ಮೊದಲ ಹೆಜ್ಜೆ. ಆ ದಶಕದಲ್ಲೇ ಮಿಶಿಗನ್ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದು ಮರಳಿದ ರಾಜೇಶ್ವರಿ ಚಟರ್ಜಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕ ವರ್ಗ ಸೇರಿದರು. ನಂಜನಗೂಡಿನ ವಕೀಲರ ಮಗಳು. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಅವರು ಸಂಸ್ಥೆಯಲ್ಲಿ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಾಲಯ ಕಟ್ಟಿದರು. ಈ ವಿದ್ಯೆ ಕರ್ನಾಟಕದಲ್ಲಿ ಬೇರು ಬಿಟ್ಟದ್ದು ಹೀಗೆ. ಬಿಇಎಲ್, ರಾಡಾರ್ ರೂಪಿಸುವ ಎಲ್‌ಆರ್‌ಡಿಇ, ಇಸ್ರೊ ಎಲ್ಲಕ್ಕೂ ಬೇಕಾದ ವಿದ್ಯೆ ಅದು.

ಈ ಫಿಲ್ಟರ್ ಡಬ್ಬಿಯನ್ನು ಕುಗ್ಗಿಸಲೇಬೇಕಾದ ತುರ್ತು ತಂದಿಟ್ಟದ್ದು ಉಪಗ್ರಹ. ಅಲ್ಲಿ ಒಂದೊಂದು ಗ್ರಾಂ ತೂಕಕ್ಕೂ ದುಡ್ಡು. 1970ರ ದಶಕದ ಆರಂಭದಲ್ಲಿ ಅಮೆರಿಕದ ಉಪಗ್ರಹ ಸಂವಹನ ಕಂಪನಿ ಕಾಮ್‌ಸ್ಯಾಟ್ ಪ್ರಯೋಗಾಲಯದ ಅಟಿಯಾ ಮತ್ತು ವಿಲಿಯಮ್ಸ್ ಕೊಟ್ಟ ಉತ್ತರ ಸೊಗಸಾಗಿದೆ. ದುಂಡು ಕೋಣೆಯಲ್ಲಿ ಅಲೆ ನೆಟ್ಟಗೂ ನಿಲ್ಲಬಹುದು, ಅಡ್ಡಕ್ಕೂ ನಿಲ್ಲಬಹುದು. ಎರಡನ್ನೂ ಒಟ್ಟಿಗೆ ನಿಲ್ಲಿಸಿ, ನಡುವೆ 45 ಡಿಗ್ರಿ ಕೋನದಲ್ಲಿ ಒಂದು ಸ್ಕ್ರೂ ಇಳಿಸಿದರೆ ಒಂದರ ಶಕ್ತಿ ಇನ್ನೊಂದಕ್ಕೆ ಹರಿಯುತ್ತದೆ. ಒಂದು ಕೋಣೆ ಎರಡರ ಕೆಲಸ ಮಾಡಿತು. ಜತೆಗೆ ಪಕ್ಕದಲ್ಲಿಲ್ಲದ ಅನುರಣನಗಳ ನಡುವೆಯೂ ನಂಟು ಬೆಸೆದರು. ಎರಡು ದಾರಿಯಲ್ಲಿ ಬಂದ ಅಲೆಗಳು ಆಯ್ದ ಆವರ್ತನಗಳಲ್ಲಿ ಪರಸ್ಪರ ಅಳಿಸಿಹೋಗುತ್ತವೆ, ಪಟ್ಟಿಯ ಅಂಚು ಕಡಿದಾಗುತ್ತದೆ, ಅಷ್ಟೇ ಕೆಲಸಕ್ಕೆ ಕಡಿಮೆ ಕೋಣೆ ಸಾಕು.

ಇಂಗ್ಲೆಂಡಿನ ಜಾರ್ಜ್ ಕ್ರೇವನ್ ಇನ್ನೂ ಮುಂದೆ ಹೋದರು. ಅಲೆ ಹರಿಯಲಾರದಷ್ಟು ಕಿರಿದಾದ ಕೊಳವೆಯನ್ನೇ ಆರಿಸಿ, ಅಲ್ಲಲ್ಲಿ ಸ್ಕ್ರೂ ಇಳಿಸಿ ಬೇಕಾದ ಆವರ್ತನ ದಾಟುವಂತೆ ಮಾಡಿದರು. ಈಚಿನ ಉಪಾಯ ಸರ್ಕ್ಯೂಟ್ ಬೋರ್ಡಿನೊಳಗೆ ಲೋಹದ ರಂಧ್ರಗಳ ಎರಡು ಸಾಲು ಕೊರೆದು ಅವನ್ನೇ ಗೋಡೆಯಾಗಿಸುವುದು. ಕಾಗದದಷ್ಟಲ್ಲದಿದ್ದರೂ ಬಿಸ್ಕತ್ತಿಗಿಂತ ತೆಳು. ಆದರೆ ಶಕ್ತಿ ಸೋರುತ್ತದೆ, ಟೊಳ್ಳು ಲೋಹದ ಶುದ್ಧಿ ಅದಕ್ಕಿಲ್ಲ.

ಕಂಪ್ಯೂಟರ್ ಎಷ್ಟೇ ಕರಾರುವಾಕ್ಕಾಗಿ ಲೆಕ್ಕ ಹಾಕಲಿ, ಕೊನೆಯ ಮಾತು ಸ್ಕ್ರೂಡ್ರೈವರಿನದ್ದು. ಡಬ್ಬಿಯನ್ನು, ಯಾವ ಆವರ್ತನ ಎಷ್ಟು ದಾಟುತ್ತದೆಂದು ಅಳೆಯುವ ನೆಟ್‌ವರ್ಕ್ ಅನಲೈಸರಿಗೆ ಜೋಡಿಸಿ, ತೆರೆಯ ಮೇಲಿನ ಗೆರೆ ನೋಡುತ್ತಾ ತಂತ್ರಜ್ಞರು ಒಂದೊಂದು ಸ್ಕ್ರೂವನ್ನೂ ಕೂದಲೆಳೆಯಷ್ಟು ತಿರುಗಿಸುತ್ತಾರೆ. ಸರಿಹೋಯಿತೆಂದು ನಟ್ ಬಿಗಿದರೆ ಸ್ಕ್ರೂ ತುಸು ಅಲುಗುತ್ತದೆ, ಗೆರೆ ಮತ್ತೆ ಜಾರುತ್ತದೆ. ಬಿಗಿಯುವಾಗ ಎಷ್ಟು ಜಾರಬಹುದೆಂದು ಮೊದಲೇ ಅಂದಾಜಿಸಿ ಅಷ್ಟು ಮುಂಚೆ ನಿಲ್ಲಿಸುವುದು ಕೈಗೆ ಬರಬೇಕಾದ ವಿದ್ಯೆ.

ಬೋವೆನ್ ಏನಾದರು? 1944ರಲ್ಲಿ ಸಿಡ್ನಿಗೆ ಬಂದು, ಎರಡು ವರ್ಷದ ನಂತರ ಅಲ್ಲಿನ ರೇಡಿಯೋಫಿಸಿಕ್ಸ್ ಪ್ರಯೋಗಾಲಯದ ಮುಖ್ಯಸ್ಥರಾದರು. 1961ರಲ್ಲಿ ಶುರುವಾದ ಪಾರ್ಕ್ಸ್‌ನ 64 ಮೀಟರ್ ದೂರದರ್ಶಕ ಅವರ ಹಟದ ಫಲ. ಅದೇ ದೂರದರ್ಶಕವನ್ನು ವರ್ಷಗಟ್ಟಲೆ ಕಾಡಿದ ವಿಚಿತ್ರ ಸಂಕೇತಗಳ ಮೂಲ 2015ರಲ್ಲಿ ಪತ್ತೆಯಾಯಿತು: ಸಿಬ್ಬಂದಿ ಮೈಕ್ರೋವೇವ್ ಅವನ್ ನಿಲ್ಲುವ ಮೊದಲೇ ಬಾಗಿಲು ತೆಗೆಯುತ್ತಿದ್ದರು. ಅವನ್ನಿನ ಹೊಟ್ಟೆಯಲ್ಲಿರುವುದೂ ಮ್ಯಾಗ್ನೆಟ್ರಾನೇ. ಅದು ಆರುವಾಗ ಚೆಲ್ಲಿದ ಅಲೆ 1.4 ಗಿಗಾಹರ್ಟ್ಸ್ ಆಸುಪಾಸಿನದ್ದು, ದೂರದರ್ಶಕ ಕಿವಿಗೊಟ್ಟಿದ್ದ ಪಟ್ಟಿಯೇ. ಅದನ್ನು ಯಾವ ಫಿಲ್ಟರ್ ತಾನೇ ತಡೆದೀತು!

ಈಗಿನ ಕಿರುಕುಳ 5ಜಿಯದ್ದು. ಟಿವಿ ಡಿಶ್‌ಗಳು ಆಲಿಸುವ ಸಿ-ಬ್ಯಾಂಡ್ 3.7ರಿಂದ 4.2 ಗಿಗಾಹರ್ಟ್ಸ್. ಭಾರತದಲ್ಲಿ 2022ರ ಹರಾಜಿನಲ್ಲಿ ಅದರ ಕೆಳಗಿನ 3.3ರಿಂದ 3.67ರವರೆಗಿನ ಭಾಗ ಮೊಬೈಲ್ ಕಂಪನಿಗಳ ಪಾಲಾಯಿತು. ಮೊಬೈಲ್ ಗೋಪುರ ಹತ್ತಿರವಿದ್ದರೆ ಡಿಶ್‌ನ ದುರ್ಬಲ ಸಂಕೇತವನ್ನು ಹಿಗ್ಗಿಸುವ ಎಲ್‌ಎನ್‌ಬಿ ಕಿವುಡಾಗುತ್ತದೆ. ಅದಕ್ಕೂ ಡಿಶ್‌ನ ಅಲೆ ಹಿಡಿಯುವ ಬಾಯಿಯಾದ ಫೀಡ್‌ಹಾರ್ನ್‌ಗೂ ನಡುವೆ ವೇವ್‌ಗೈಡ್ ಫಿಲ್ಟರ್ ಸೇರಿಸುವುದು ಕೇಬಲ್‌ನವರಿಗೆ ಗೊತ್ತಿರುವ ಮದ್ದು. 30 ಮೆಗಾಹರ್ಟ್ಸ್ ಸಂದಿಯಲ್ಲಿ ಅದು ಪ್ರಪಾತದಂತೆ ಇಳಿಯಬೇಕು.

ಮೆಲ್ಬರ್ನ್‌ನ ಆಗ್ನೇಯ ಅಂಚಿನಲ್ಲಿ, ಹೊಲಗಳ ಮೇಲೆ ಮನೆಗಳೆದ್ದು ಭಾರತೀಯ ಕುಟುಂಬಗಳೂ ನೆಲೆಸಿರುವ ಕ್ಲೈಡ್ ನಾರ್ತ್‌ನಲ್ಲಿ ಭಾರತಕ್ಕೆಂದು ಮಾಡಿದ ಈ ಡಬ್ಬಿಯನ್ನು ಹಾಗೇ ತಂದು ಕೂರಿಸಿದರೆ ನಡೆಯದು. ಆಸ್ಟ್ರೇಲಿಯಾ 2023ರ ಹರಾಜಿನಲ್ಲಿ ಸಿಡ್ನಿ, ಮೆಲ್ಬರ್ನ್‌ನಂಥ ಮಹಾನಗರಗಳಲ್ಲಿ 3.8ರವರೆಗೂ ಮೊಬೈಲಿಗೆ ಕೊಟ್ಟಿದೆ. ಬಾಗಿಲು 3.8ಕ್ಕೆ ತೆರೆಯುವಂತೆ ಕಿಂಡಿಗಳನ್ನು ಕಿರಿದು ಮಾಡಬೇಕು, ಪ್ರತಿ ಕೋಣೆಯ ಉದ್ದವನ್ನೂ ಹೊಸದಾಗಿ ಹೊಂದಿಸಬೇಕು.