ಅಂಟುವ ಟೇಪುಗಳನ್ನು ಕಾಯಿಸಲು ಡಿಹೈಡ್ರೇಟರ್ ಆಯ್ಕೆ: ಕ್ಷೇತ್ರ ಧ್ವನಿಮುದ್ರಣಗಳ ದೃಷ್ಟಿಯಿಂದ

ಕ್ಷೇತ್ರಕಾರ್ಯದ ಹಳೆಯ ಟೇಪುಗಳನ್ನು ಡಿಜಿಟಲ್ ರೂಪಕ್ಕೆ ತರುವಾಗ ಕೆಲವು ಸುರುಳಿಗಳು ಕಿರುಗುಟ್ಟುತ್ತವೆ, ಅಂಟಿಕೊಂಡು ನಿಲ್ಲುತ್ತವೆ, ಯಂತ್ರದ ಹೆಡ್ಡಿನ ಮೇಲೆ ಕಂದು ಬಣ್ಣದ ಲೇಪವನ್ನು ಬಿಡುತ್ತವೆ. ಭಾಷಾವಿಜ್ಞಾನಿಗೆ ಇದು ಕೇವಲ ತಾಂತ್ರಿಕ ತೊಡಕಲ್ಲ. ಮೆತ್ತಿದ ಲೇಪವು ಟೇಪನ್ನು ಹೆಡ್ಡಿನಿಂದ ದೂರ ಸರಿಸಿದಾಗ ಮೊದಲು ಕುಂದುವುದು ಅಧಿಕ ಆವರ್ತನಗಳು; ಸ, ಶ, ಷ ಧ್ವನಿಗಳ ಭೇದವು ಬಹುಮಟ್ಟಿಗೆ ಅಲ್ಲಿಯೇ ಇದೆ. ಟೇಪು ತಡೆತಡೆದು ಚಲಿಸಿದರೆ ಸ್ವರಗಳ ಕಾಲಾವಧಿ ಹಾಗೂ ಮೂಲ ಆವರ್ತನದ ಮಾಪನಗಳೂ ನಂಬಲರ್ಹವಾಗುವುದಿಲ್ಲ. ವಕ್ತೃಗಳು ಬದುಕಿಲ್ಲದಿದ್ದರೆ ಆ ಸಾಕ್ಷ್ಯವನ್ನು ಮತ್ತೆ ಸಂಗ್ರಹಿಸುವ ದಾರಿಯೂ ಇಲ್ಲ.

1970 ಮತ್ತು 1980ರ ದಶಕಗಳ ಕೆಲವು ಟೇಪುಗಳಲ್ಲಿ, ಉದಾಹರಣೆಗೆ ಆಂಪೆಕ್ಸ್ 406 ಮತ್ತು 456ರಲ್ಲಿ, ಕಾಂತೀಯ ಕಣಗಳನ್ನು ಹಿಡಿದಿಡುವ ಪಾಲಿಯುರೆಥೇನ್ ಬಂಧಕವು ಗಾಳಿಯ ತೇವದಿಂದ ಜಲವಿಚ್ಛೇದನೆಗೆ ಒಳಗಾಗಿ ಜಿಗುಟಾಗುತ್ತದೆ. ಹದವಾದ ಶಾಖದಲ್ಲಿ ದೀರ್ಘಕಾಲ ಕಾಯಿಸಿದರೆ ಈ ಜಿಗುಟು ತಾತ್ಕಾಲಿಕವಾಗಿ ತಗ್ಗುತ್ತದೆ. ಇಂಥ ವಿಧಾನಕ್ಕೆ ಆಂಪೆಕ್ಸ್ ಸಂಸ್ಥೆಯೇ 1993ರಲ್ಲಿ ಅಮೆರಿಕದ ಪೇಟೆಂಟ್ ಪಡೆಯಿತು. ರೂಢಿಯಲ್ಲಿರುವ ಉಷ್ಣಾಂಶ ಸುಮಾರು 54 ಡಿಗ್ರಿ ಸೆಲ್ಸಿಯಸ್. ಕಾಲು ಅಂಗುಲ ಅಗಲದ ಟೇಪಿಗೆ ಸಾಮಾನ್ಯವಾಗಿ 8 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇಕು.

ಅಡುಗೆಮನೆಯ ಓವನ್ ಇದಕ್ಕೆ ಒಗ್ಗದು. ಅದರ ಉಷ್ಣಾಂಶ ಬಹಳ ಏರಿಳಿಯುತ್ತದೆ. ಅನಿಲದ ಓವನ್ ಉರಿಯುವಾಗ ನೀರಾವಿಯನ್ನೂ ಹೊರಸೂಸುತ್ತದೆ. ಮೈಕ್ರೋವೇವ್ ಸರ್ವಥಾ ವರ್ಜ್ಯ. ಹಣ್ಣು, ತರಕಾರಿ ಒಣಗಿಸುವ ಡಿಹೈಡ್ರೇಟರ್ ಆದರೋ ಇದೇ ಉಷ್ಣಾಂಶದ ಆಸುಪಾಸಿನಲ್ಲಿ ಗಂಟೆಗಟ್ಟಲೆ ನಡೆಯಲೆಂದೇ ರೂಪುಗೊಂಡದ್ದು.

ಆಯ್ಕೆಯಲ್ಲಿ ನಾವು ನಾಲ್ಕು ಅಂಶಗಳನ್ನು ಮುಖ್ಯವೆಂದು ಪರಿಗಣಿಸುತ್ತೇವೆ. ಮೊದಲನೆಯದು, ಹೊಂದಿಸಬಲ್ಲ ಥರ್ಮೋಸ್ಟಾಟ್. ಗುಂಡಿಯ ಮೇಲಿನ ಅಂಕಿಯನ್ನೇ ನಂಬದೆ, ಟೇಪು ಇಡುವ ಮೊದಲು ಖಾಲಿ ಯಂತ್ರವನ್ನು ಕೆಲವು ಗಂಟೆ ನಡೆಸಿ ಪ್ರತ್ಯೇಕ ಉಷ್ಣಮಾಪಕದಿಂದ ಅಳೆಯಬೇಕು. ಎರಡನೆಯದು, ಫ್ಯಾನು. ಗಾಳಿ ಹಿಂಬದಿಯಿಂದ ಅಡ್ಡಲಾಗಿ ಹರಿಯುವ ಮಾದರಿಯಲ್ಲಿ ಎಲ್ಲ ತಟ್ಟೆಗಳಿಗೂ ಶಾಖ ಹೆಚ್ಚು ಸಮನಾಗಿ ತಲುಪುತ್ತದೆ. ಕೆಳಗಿನಿಂದ ಗಾಳಿ ಏರುವ ಮಾದರಿಯಲ್ಲಿ ಮಲಗಿಸಿದ ಸುರುಳಿಯೇ ಹರಿವಿಗೆ ಅಡ್ಡಿಯಾಗಬಹುದು. ಮೂರನೆಯದು, ಒಳಗಿನ ಅಳತೆ. ಊಹರ್ 4000ರಂಥ ಕ್ಷೇತ್ರಯಂತ್ರದ 5 ಅಂಗುಲದ ಸುರುಳಿಗೆ ಚಿಕ್ಕ ಯಂತ್ರ ಸಾಕು. ಹತ್ತೂವರೆ ಅಂಗುಲದ ಸುರುಳಿಗೆ ತಟ್ಟೆಗಳನ್ನು ಹೊರತೆಗೆಯಬಲ್ಲ ಅಗಲವಾದ ಪೆಟ್ಟಿಗೆ ಬೇಕು. ನಾಲ್ಕನೆಯದು, ಮೋಟಾರಿನ ಸ್ಥಾನ. ಅದರ ಕಾಂತಕ್ಷೇತ್ರದಿಂದ ಟೇಪು ದೂರವಿದ್ದಷ್ಟೂ ಕ್ಷೇಮ.

ಆದರೆ ಯಂತ್ರದ ಆಯ್ಕೆಗಿಂತ ಮೊದಲು ಟೇಪಿನ ಗುರುತು ಆಗಬೇಕು. ಅಸಿಟೇಟ್ ಟೇಪನ್ನು ಎಂದಿಗೂ ಕಾಯಿಸಬಾರದು. ಶಾಖವು ಅದನ್ನು ಇನ್ನಷ್ಟು ಪೆಡಸಾಗಿಸಿ ಹಾಳುಮಾಡುತ್ತದೆ. ಸುರುಳಿಯನ್ನು ಬೆಳಕಿಗೆ ಹಿಡಿದಾಗ ಅಸಿಟೇಟ್ ಅರೆಪಾರದರ್ಶಕವಾಗಿ ಕಾಣುತ್ತದೆ, ಪಾಲಿಯೆಸ್ಟರ್ ಬೆಳಕನ್ನು ತಡೆಯುತ್ತದೆ. ವಿನೆಗರ್ ವಾಸನೆಯೂ ಅಸಿಟೇಟ್ ಕೆಡುತ್ತಿರುವುದರ ಸೂಚನೆ. ಕಿರುಗುಟ್ಟುವ ಪಾಲಿಯೆಸ್ಟರ್ ಟೇಪುಗಳೆಲ್ಲವೂ ಈ ಚಿಕಿತ್ಸೆಗೆ ತಕ್ಕವಲ್ಲ. ದೋಷವು ಬಂಧಕದ್ದಲ್ಲದಿದ್ದರೆ ಕಾಯಿಸುವುದರಿಂದ ಫಲವಿಲ್ಲ.

ಕಾಯಿಸಿದ ಸುರುಳಿ ತಾನಾಗಿ ತಣಿಯಬೇಕು. ಚಿಕಿತ್ಸೆಯ ಫಲ ಶಾಶ್ವತವಲ್ಲವಾದ್ದರಿಂದ ಕೆಲವೇ ದಿನಗಳಲ್ಲಿ, ಸಾಧ್ಯವಾದರೆ 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ, ಪ್ರತಿಯನ್ನು ತೆಗೆಯುವುದು ಉಚಿತ. ಕಾಯಿಸಿದ ಉಷ್ಣಾಂಶ, ಅವಧಿ ಮತ್ತು ದಿನಾಂಕಗಳನ್ನು ಕಡತದ ವಿವರಣೆಯಲ್ಲಿ ದಾಖಲಿಸುವುದು ಅಷ್ಟೇ ಅಗತ್ಯ. ಮುಂದೆ ಆ ಊಷ್ಮಧ್ವನಿಗಳನ್ನು ಅಳೆಯುವ ಸಂಶೋಧಕರು ವಕ್ತೃವಿನ ಉಚ್ಚಾರಣೆಯನ್ನೂ ಟೇಪಿನ ದೋಷವನ್ನೂ ಬೇರ್ಪಡಿಸಿ ನೋಡಲು ಈ ದಾಖಲೆ ನೆರವಾಗುತ್ತದೆ.